ಬಿಳಿ ತಿಂಗಳಲ್ಲಿ ಕುದುರೆ ರಾಣಿಯ ಕಥೆ

ನಮ್ಮೂರಿನಲ್ಲಿ ದಾರಿ ಕೇಳುವವರು ‘ಎಲ್ಲಿದೆ’ ಅನ್ನುವುದಿಲ್ಲ, ‘ಯಾವ ಕಿವಿಗೆ’ ಅನ್ನುತ್ತಾರೆ. ಪೇಟೆಯಿಂದ ಹೊರಟರೆ ನೇಕಾರರ ಓಣಿ ಬಲಗಿವಿಗೆ, ದನದ ಸಂತೆ ಎಡಗಿವಿಗೆ, ಆಸ್ಪತ್ರೆ ಬೆನ್ನಿಗೆ. ವರ್ಷಕ್ಕೆ ಎರಡು ತಿಂಗಳು ದಟ್ಟ ಮಂಜು, ನಮ್ಮ ಮಾತಿನಲ್ಲಿ ಬಿಳಿ, ಇಳಿಯುತ್ತಿದ್ದ ಕಾಲದ ಮಾತು ಇದು. ಈಗ ಅದು ಹನ್ನೊಂದು ದಿನಕ್ಕೆ ಬಂದು ನಿಂತಿದೆ, ಅದೂ ತೆಳ್ಳಗೆ, ಎದುರು ಮನೆಯ ಬಾಗಿಲು ಕಾಣುವಷ್ಟು. ಆಗ ಹಾಗಿರಲಿಲ್ಲ. ಚಾಚಿದ ಕೈ ನಮ್ಮದೋ ಇನ್ನೊಬ್ಬರದೋ ಗೊತ್ತಾಗುತ್ತಿರಲಿಲ್ಲ.

ಬಿಳಿಯಲ್ಲಿ ನಡೆಯುವವರಿಗೆ ಊರ ನಡುವಿನ ಹಳೆಯ ಬುರುಜೇ ಗುರುತು. ಅದರ ತುದಿಯ ಕೋಣೆಗೆ ಕಥೆಮನೆ ಎಂದು ಹೆಸರು. ಹೊರಗೆ ನಾಲ್ಕು ದಿಕ್ಕಿಗೆ ನಾಲ್ಕು ಸ್ಪೀಕರು, ಒಳಗೆ ಒಂದು ಮೇಜು, ಮೈಕು, ಒಂದು ಕುರ್ಚಿ. ಬೆಳಕು ಹರಿದಲ್ಲಿಂದ ದೀಪ ಹಚ್ಚುವವರೆಗೆ ಅಲ್ಲಿ ಯಾರಾದರೊಬ್ಬರು ಕಥೆ ಹೇಳುತ್ತಿರಬೇಕು. ಆ ಧ್ವನಿಯನ್ನು ಯಾವುದಾದರೊಂದು ಕಿವಿಯಲ್ಲಿ ಇಟ್ಟುಕೊಂಡು ಊರೆಲ್ಲ ಓಡಾಡುತ್ತಿತ್ತು. ಹಿಂದೆ ಗಂಟೆ ಬಾರಿಸಿ ನೋಡಿದ್ದರಂತೆ. ಗಂಟೆಯ ಸದ್ದಿಗೆ ಬಿಳಿಯಲ್ಲಿ ದಿಕ್ಕಿರುವುದಿಲ್ಲ. ಮನುಷ್ಯರ ಮಾತಿಗೆ ಇರುತ್ತದೆ, ಅದೂ ಕಥೆಯಾಗಿದ್ದರೆ ಮಾತ್ರ.

ಆ ದಿನಗಳನ್ನು ನೆನೆದರೆ ಈಗಲೂ ಮೂಗಿಗೆ ಒದ್ದೆ ಹತ್ತಿಯ ವಾಸನೆ ಬರುತ್ತದೆ. ಎದುರಿಗೆ ಹೆಜ್ಜೆ ಸಪ್ಪಳವಾದರೆ ಮೊದಲು ಹೆಸರು ಹೇಳಬೇಕು. ಮೊಸರಿನವರು ಕಾಲಿಗೆ ಗೆಜ್ಜೆ ಕಟ್ಟುತ್ತಿದ್ದರು, ಕಾಯಿಪಲ್ಲೆಯವರು ತಕ್ಕಡಿ ಬಡಿಯುತ್ತಿದ್ದರು. ಬಿಳಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ ಇರಲಿಲ್ಲ. ಇಟ್ಟುಕೊಂಡರೆ ಧ್ವನಿ ಚೆಂದವಿದ್ದವರಿಗೆಲ್ಲ ಮದುವೆಯಾಗಿಬಿಡುತ್ತದೆ ಎಂದು ನಮ್ಮಜ್ಜಿ ನಗುತ್ತಿದ್ದಳು. ಮಾತು ಬರುವ ಮೊದಲೇ ಮಕ್ಕಳಿಗೆ ಒಂದನ್ನು ಕಲಿಸುತ್ತಿದ್ದೆವು: ಧ್ವನಿ ನಿಂತರೆ ನೀನೂ ನಿಲ್ಲು.

ನಾನು ವಾರಿಜಾ. ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳನ್ನು ಇಪ್ಪತ್ತೆರಡನೆಯ ವಯಸ್ಸಿಗೆ ಕಥೆಮನೆಗೆ ಕರೆತಂದರು. ಹದಿನಾರು ವರ್ಷ ಊರಿನ ಧ್ವನಿಯಾಗಿದ್ದೆ. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳಲಿ. ಬಿಳಿ ಸರಿದ ಮೇಲೆ ಪೇಟೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಗುರುತಿಲ್ಲದವರೂ ತಿರುಗಿ ನಿಂತು ಕೈ ಮುಗಿಯುತ್ತಿದ್ದರು.

ಎಲ್ಲಿನಮ್ಮ ನಮ್ಮೂರಿಗೆ ಬಂದದ್ದು ಫಕೀರಪ್ಪನ ಹೆಂಡತಿಯಾಗಿ. ಫಕೀರಪ್ಪ ಹಡಗಿನಲ್ಲಿ ಇದ್ದಲು ಸುರಿಯುವ ಕೆಲಸಕ್ಕೆ ಹೋದವನು, ಇಪ್ಪತ್ತು ವರ್ಷ ವೇಲ್ಸ್ ದೇಶದ ಬಂದರಿನಲ್ಲಿ ಬದುಕಿ, ಕೆಮ್ಮು ಹತ್ತಿಸಿಕೊಂಡು, ಹೆಂಡತಿಯ ಕೈ ಹಿಡಿದು ವಾಪಸು ಬಂದ. ಬಂದ ಮೂರನೆಯ ವರ್ಷ ತೀರಿಹೋದ. ಆಕೆಯ ಹೆಸರು ಎಲಿನೆಡ್. ಊರವರು ‘ಎಲ್ಲಿನವಳು, ಎಲ್ಲಿನವಳು’ ಎಂದು ಕೇಳಿ ಕೇಳಿ ಕೊನೆಗೆ ಅದೇ ಹೆಸರಾಯಿತು. ಆಕೆಗೂ ಅದು ಹಿಡಿಸಿತ್ತು. ಗಂಡ ಹೋದ ಮೇಲೂ ಇಲ್ಲೇ ಉಳಿದಳು. ನಮ್ಮ ರೊಟ್ಟಿಯ ಹಂಚಿನ ಮೇಲೆ ಒಣದ್ರಾಕ್ಷಿ ಹಾಕಿದ ದಪ್ಪ ಬಿಲ್ಲೆಗಳನ್ನು ಬೇಯಿಸುತ್ತಿದ್ದಳು. ಅವಳ ಊರಿನಲ್ಲೂ ಹಂಚು ಇಂಥದೇ ಅಂತೆ.

ನಾನು ಕಥೆಮನೆಗೆ ಬಂದ ಹದಿನಾರನೆಯ ವರ್ಷ ನಮ್ಮ ಕಥೆಗಳು ತೀರಿದ್ದವು. ಪುರಾಣ, ಜನಪದ, ರಾಜರ ಕಥೆ, ಕಳ್ಳರ ಕಥೆ ಎಲ್ಲವನ್ನೂ ಮೂರು ಮೂರು ಸುತ್ತು ಹೇಳಿಯಾಗಿತ್ತು. ಗೊತ್ತಿದ್ದ ಕಥೆ ಅಪಾಯ. ಮುಂದೇನು ಅಂತ ತಿಳಿದವರ ಕಿವಿ ನಿದ್ದೆ ಹೋಗುತ್ತದೆ, ಕಾಲು ತಾನೇ ನಡೆಯುತ್ತದೆ. ಆ ಬಿಳಿಯಲ್ಲಿ ಒಬ್ಬ ಗೋಡೆಗೆ ಹಣೆ ಒಡೆದುಕೊಂಡ, ಇನ್ನೊಬ್ಬಳು ಸುಣ್ಣದ ಗುಂಡಿಗೆ ಕಾಲಿಟ್ಟಳು. ಕಥೆಮನೆಯ ಹಿರಿಯರಾದ ಗುರುಪಾದಪ್ಪನವರು ಎಲ್ಲಿನಮ್ಮನ ಮನೆಗೆ ನನ್ನನ್ನು ಕರೆದುಕೊಂಡು ಹೋದರು.

“ನಿಮ್ಮ ದೇಶದಾಗ ಕಥಿ ಅದಾವೇನ್ರಿ?” ಎಂದು ಕೇಳಿದರು.

ಎಲ್ಲಿನಮ್ಮ ಬಿಲ್ಲೆ ತಿರುವಿ ಹಾಕುತ್ತ ನಕ್ಕಳು. “ನಮ್ಮ ದೇಶದಾಗ ಇದ್ದಲಿ ಅದ, ಮಳಿ ಅದ, ಕಥಿ ಅದ. ಮತ್ತೇನ್ ಇಲ್ಲ. ಆರ್ನೂರು ವರ್ಷದ ಹಿಂದ ಚರ್ಮದ ಹಾಳಿ ಮ್ಯಾಲ ಬರದಿಟ್ಟಾರ. ನಮ್ಮಜ್ಜಿಗೆ ಓದಾಕ ಬರ್ತಿರ್ಲಿಲ್ಲ. ಬೆಂಕಿ ಮುಂದ ಕುಂತು ಹೇಳ್ತಿದ್ಲು. ನಾ ಕೇಳೇನಿ.”

ಹೀಗೆ ನಾವಿಬ್ಬರು ಜೊತೆಯಾದೆವು. ಮೊದಲು ನನಗೆ ಮನಸ್ಸಿರಲಿಲ್ಲ. ನನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಬಂದದ್ದೇ ಚುಚ್ಚಿತ್ತು. ಆದರೆ ಆಕೆಯ ಕನ್ನಡ ದಾರಿ ತೋರಿಸುವಷ್ಟು ಗಟ್ಟಿ ಇರಲಿಲ್ಲ. ಆಕೆ ನನ್ನ ಕಿವಿಯಲ್ಲಿ ಒಂದೊಂದೇ ವಾಕ್ಯ ಪಿಸುಗುಟ್ಟುವುದು, ನಾನು ಅದನ್ನು ತಿದ್ದಿ, ಬೆಳೆಸಿ ಮೈಕಿಗೆ ಹೇಳುವುದು, ಇದು ನಮ್ಮ ಪದ್ಧತಿಯಾಯಿತು. ಮುಂದಿನ ವಾಕ್ಯ ಏನೆಂದು ನನಗೂ ತಿಳಿಯದು. ಹೇಳುವವಳಿಗೇ ಗೊತ್ತಿಲ್ಲದ ಕಥೆಯನ್ನು ಊರು ಕಿವಿಯಗಲಿಸಿ ಕೇಳತೊಡಗಿತು.

ಮೊದಲ ದಿನವೇ ಕುದುರೆ ರಾಣಿ ಬಂದಳು. ಅವಳ ನಿಜವಾದ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ಊರಿಗೆಲ್ಲ ಅವಳು ಕುದುರೆ ರಾಣಿ. ಬೆಳ್ಳನೆಯ ಕುದುರೆಯ ಮೇಲೆ ಒಬ್ಬ ಹೆಂಗಸು ನಿಧಾನವಾಗಿ ಹೋಗುತ್ತಾಳೆ. ರಾಜನ ಸವಾರರು ಎಷ್ಟು ಬಿರುಸಾಗಿ ಬೆನ್ನಟ್ಟಿದರೂ ಅವಳು ಅಷ್ಟೇ ದೂರದಲ್ಲಿ, ಅದೇ ನಿಧಾನದಲ್ಲಿ. ಮೂರನೆಯ ದಿನ ರಾಜನೇ ಓಡಿಸಿ ಓಡಿಸಿ ಸೋತು ‘ನಿಲ್ಲವ್ವಾ’ ಎಂದು ಕೂಗುತ್ತಾನೆ. ಕೂಗಿದ್ದೇ ತಡ, ಅವಳು ನಿಲ್ಲುತ್ತಾಳೆ. ಬುರುಜಿನ ಕೆಳಗೆ ಬಿಳಿಯೊಳಗಿಂದ ಯಾರೋ ಗಂಡಸು ಗಟ್ಟಿಯಾಗಿ ಅಂದ: “ಅಲೆಲೆ, ಮೊದ್ಲ ಕರೀಬಾರ್ದೇನ್, ಮಂಗ್ಯಾ!” ಸುತ್ತಲಿನ ಓಣಿಗಳಿಂದೆಲ್ಲ ನಗು ಕೇಳಿಸಿತು. ನಮ್ಮೂರಿನ ಮೂರು ವರ್ಷದ ಕೂಸಿಗೂ ಗೊತ್ತು, ಕಾಣದವರನ್ನು ಬೆನ್ನಟ್ಟಬಾರದು, ಕರೆಯಬೇಕು. ಆ ರಾಜ ನಮಗೆಲ್ಲ ಮಂಕನ ಹಾಗೆ ಕಂಡ, ಆ ರಾಣಿ ನಮ್ಮವಳಾದಳು. ಆ ನಗುವಿನಷ್ಟು ಸುಖ ನನಗೆ ಬದುಕಿನಲ್ಲಿ ಮತ್ತೆ ಸಿಕ್ಕಿಲ್ಲ. ಹನ್ನೆರಡು ದಿನ ಅವಳದೇ ಮಾತು. ಮಾಳಿಗೆಗಳಲ್ಲಿ ಹೆಂಗಸರು ಕೌದಿ ಹೊಲಿಯುತ್ತ ಅವಳ ಸೀರೆಯ ಬಣ್ಣದ ಬಗ್ಗೆ ಜಗಳವಾಡಿದರು. ಅವಳು ಸೀರೆ ಉಡುವುದಿಲ್ಲ ಎಂದು ಎಲ್ಲಿನಮ್ಮ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿಮೂರನೆಯ ದಿನ ರಾಣಿ ಗಂಡುಮಗುವನ್ನು ಹೆತ್ತಳು. ಮಧ್ಯಾಹ್ನದ ಹೊತ್ತು. ಎಲ್ಲಿನಮ್ಮ ಪಿಸುಗುಟ್ಟಿದಳು: “ಕೂಸು, ತಾಯಿ ಮಲಗ್ಯಾರ. ಕಾವಲಕ್ಕ ಆರು ಹೆಣ್ಮಕ್ಳು ಕುಂತಾರ.”

ನಾನು ಮೈಕಿಗೆ ಹೇಳಿದೆ.

“ಆರೂ ಮಂದಿಗಿ ನಿದ್ದಿ ಹತ್ತಿತು.”

ನಾನು ಹೇಳಿದೆ. ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

“ಎದ್ದು ನೋಡ್ತಾರ, ಕೂಸು ಇಲ್ಲ. ಅಂಜಿದ್ರು. ಮಾತಾಡ್ಕೊಂಡ್ರು. ನಾವು ಮಲಗಿದ್ವಿ ಅಂತ ಹೇಳೂದು ಬ್ಯಾಡ. ತಾಯೀನ ಕೂಸಿನ್ನ ಹಾಳು ಮಾಡ್ಯಾಳ ಅಂತ ಹೇಳೂಣು.”

ಇಲ್ಲಿ ನಾನು ಏಳು ವರ್ಷ ಹಿಂದಕ್ಕೆ ಹೋಗಬೇಕು.

ಆ ವರ್ಷದ ಬಿಳಿಯಲ್ಲಿ ಮಧ್ಯಾಹ್ನದ ಪಾಳಿಯವರು ಜ್ವರ ಬಂದು ಮಲಗಿದ್ದರು. ಮೂರು ದಿನದಿಂದ ನಾನೊಬ್ಬಳೇ ಹೇಳುತ್ತಿದ್ದೆ. ನಾಲ್ಕನೆಯ ದಿನ ಊಟದ ಹೊತ್ತಿಗೆ, ಹೇಳುತ್ತ ಹೇಳುತ್ತಲೇ, ಮೇಜಿಗೆ ತಲೆಯಿಟ್ಟೆ. ಎಚ್ಚರವಾದಾಗ ಪಕ್ಕದಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಧಡಕ್ಕನೆ ಎದ್ದು, ಬಿಟ್ಟ ಕಡೆಯಿಂದ ಕಥೆ ಹಿಡಿದೆ. ಸಂಜೆ ಸುದ್ದಿ ಬಂತು. ನೇಕಾರರ ಓಣಿಯ ಸೊಸೆ ನೀಲಗಂಗಾ ಎರಡೂವರೆ ವರ್ಷದ ಮಗನನ್ನು ಕರೆದುಕೊಂಡು ಬರುವಾಗ ಮಗು ಮೆಟ್ಟಿಲು ಬಾವಿಗೆ ಬಿದ್ದಿತ್ತು. ಉಳಿಯಲಿಲ್ಲ. ಧ್ವನಿ ನಿಂತಿತ್ತು ಎಂದು ಅವಳು ಎದೆ ಬಡಿದುಕೊಂಡು ಹೇಳಿದಳು.

ಬುರುಜಿನ ಬುಡದಲ್ಲೇ ಮನೆಯಿದ್ದ ಗುರುಪಾದಪ್ಪನವರಿಗೆ ನಿಜ ಗೊತ್ತಿತ್ತು. ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತರು. “ನಿಂತಿತ್ತು ಅಂತ ಒಮ್ಮಿ ಹೇಳಿದ್ಯೋ, ನಾಳಿಂದ ಒಬ್ರೂ ಹೊಸ್ತಿಲ ದಾಟೂದಿಲ್ಲ. ಇನ್ನೂ ಐದು ವಾರ ಬಿಳಿ ಅದ. ನೀರು ಯಾರು ತರ್ತಾರ? ಬಾಣಂತ್ಯಾರ್ನ ಆಸ್ಪತ್ರಿಗೆ ಯಾರು ಒಯ್ತಾರ? ಒಂದು ಕೂಸು ಹೋಗೇದ. ಊರು ಉಳೀಲಿ.”

ಪಂಚರು ಕೇಳಿದಾಗ ನಾನು “ನಿಲ್ಲಿಸಿಲ್ಲ” ಅಂದೆ. ಒಂದೇ ಮಾತು. ಆ ಹೊತ್ತಿನಲ್ಲಿ ಹೊರಗಿದ್ದ ಇಬ್ಬರು ಮೂವರಿಗೆ ಅನುಮಾನವಿತ್ತು. ನಾನು ಅಂದ ಮೇಲೆ, ಬಿಳಿಯಲ್ಲಿ ಒಮ್ಮೊಮ್ಮೆ ಕಿವಿ ಮುಚ್ಚುತ್ತದೆ ಎಂದು ಸುಮ್ಮನಾದರು. ಮಗುವನ್ನು ಕಳೆದುಕೊಂಡಾಕೆ ತಪ್ಪನ್ನು ಧ್ವನಿಯ ಮೇಲೆ ಹೊರಿಸುತ್ತಾಳೆ ಎಂದು ಊರು ಆಡಿಕೊಂಡಿತು. ಗಂಡನ ಮನೆಯವರು ಅವಳನ್ನು ತವರಿಗೆ ಕಳಿಸಿದರು. ತವರು ಇದೇ ಊರಿನ ಕುಂಬಾರರ ಓಣಿ. ಅಲ್ಲಿಂದೀಚೆಗೆ ಬಿಳಿ ಇದ್ದಷ್ಟು ದಿನ ಅವಳು ಬಾಗಿಲಾಚೆ ಕಾಲಿಡಲಿಲ್ಲ. ಬೇರೆ ದಿನಗಳಲ್ಲಿ ನಾನು ಎದುರಾದರೆ ಅವಳು ಓಣಿ ಬದಲಿಸುತ್ತಿದ್ದಳು. ನಾನು ಮೊದಲು ಕಂಡರೆ ನಾನು ಬದಲಿಸುತ್ತಿದ್ದೆ.

ಈಗ ಎಲ್ಲಿನಮ್ಮ ಮುಂದಿನ ವಾಕ್ಯ ಪಿಸುಗುಟ್ಟಿದಳು. “ಮಲಗಿದ ತಾಯಿ ತುಟಿಗೆ ರಗತ ಹಚ್ಚಿದ್ರು. ಊರಿಗೆ ಕೂಗಿ ಹೇಳಿದ್ರು.”

ಮೈಕಿನ ಮುಂದೆ ಒಂದು ಉಸಿರಿಗಿಂತ ಹೆಚ್ಚು ಸುಮ್ಮನಿರುವಂತಿಲ್ಲ. ಹೊರಗೆ ಎಷ್ಟೋ ಕಾಲುಗಳು ನನ್ನ ಮಾತಿನ ಮೇಲೆ ನಿಂತಿವೆ. ನಾನು ಹೇಳಿದೆ: “ತಾಯಿಯ ತುಟಿಗೆ ರಕ್ತ ಬಳಿದರು. ಊರಿಗೆ ಸುಳ್ಳು ಹೇಳಿದರು.” ಅಷ್ಟಕ್ಕೆ ಬಿಟ್ಟು ಮುಂದೆ ಹೋಗಬಹುದಿತ್ತು. ಬಾಯಿ ಮುಂದಕ್ಕೆ ಹೋಗಲಿಲ್ಲ. “ಆ ಕಾವಲಿನವರಲ್ಲಿ ಒಬ್ಬಳು ನಾನು” ಎಂಬ ಮಾತು ಹೊರಬಿತ್ತು.

ಆಮೇಲೆ ತಡೆಯಲಾಗಲಿಲ್ಲ. ಕಥೆ ಹೇಳುವ ಅದೇ ಧಾಟಿಯಲ್ಲಿ, ನಿಲ್ಲಿಸದೆ ಹೇಳಿದೆ. ವರ್ಷ ಹೇಳಿದೆ, ದಿನ ಹೇಳಿದೆ, ಚಹಾದ ಕೆನೆಯ ಮಾತು ಹೇಳಿದೆ. “ನೀಲಗಂಗಾ ಅಂದದ್ದು ಖರೆ. ಧ್ವನಿ ನಿಂತಿತ್ತು. ನಾನು ಮಲಗಿದ್ದೆ. ಪಂಚರ ಮುಂದೆ ಸುಳ್ಳು ಹೇಳಿದೆ.” ಗುರುಪಾದಪ್ಪನವರ ಹೆಸರು ಹೇಳಲಿಲ್ಲ. ಸುಳ್ಳಾಡಿದ ನಾಲಿಗೆ ನನ್ನದು.

ಬಿಳಿಯಲ್ಲಿ ಊರು ಪೂರ್ತಿ ಮೌನವಾಗುವುದು ಎಂದರೇನು ಎಂದು ಅಂದು ಕೇಳಿದೆ. ಗೆಜ್ಜೆ ಇಲ್ಲ, ತಕ್ಕಡಿ ಇಲ್ಲ, ಕೆಮ್ಮು ಸಹ ಇಲ್ಲ. ನನ್ನ ಮಾತು ಅಲ್ಲಿಗೆ ಮುಗಿದಿತ್ತು. ಇನ್ನೊಂದು ಕ್ಷಣವಾಗಿದ್ದರೆ ಎರಡನೆಯ ಸಲ ಧ್ವನಿ ನಿಲ್ಲುತ್ತಿತ್ತು. ಎಲ್ಲಿನಮ್ಮ ಮೈಕನ್ನು ತನ್ನ ಕಡೆ ಎಳೆದುಕೊಂಡಳು. “ನಾ ಅದೀನಿ,” ಅಂದಳು ಊರಿಗೆ. “ಅಂಜಬ್ಯಾಡ್ರಿ. ನಾ ಹೇಳ್ತೀನಿ. ರಾಣಿ ಏನೂ ಮಾಡಿಲ್ಲ. ಊರು ನಂಬ್ಲಿಲ್ಲ. ಆಕಿಗೆ ಶಿಕ್ಷಾ ಕೊಟ್ರು. ಬಾಗಿಲಾಗ ಕಲ್ಲ ಮ್ಯಾಲ ಕುಂದ್ರಬೇಕು. ಬಂದವ್ರಿಗೆಲ್ಲ ನಾ ಪಾಪಿ ಅಂತ ಹೇಳ್ಬೇಕು. ಬೆನ್ನ ಮ್ಯಾಲ ಹೊತ್ಗೊಂಡು ಒಳಗ ಬಿಡ್ಬೇಕು.” ಒಡಕು ಕನ್ನಡ. ಆದರೂ ಅದು ಕಥೆ, ಅದಕ್ಕೆ ದಿಕ್ಕಿತ್ತು. ಅಂದು ಒಬ್ಬರೂ ದಾರಿ ತಪ್ಪಲಿಲ್ಲ.

ಮೊದಲು ಮೆಟ್ಟಿಲು ಹತ್ತಿ ಬಂದದ್ದು ಗುರುಪಾದಪ್ಪನವರು. ಮುದುಕರ ಮೋರೆ ಬಿಳಿಯಂತೆಯೇ ಆಗಿತ್ತು. “ಊರಿನ ಕಣ್ಣ ಕಿತ್ತಿ ನೀನು,” ಅಂದರು. ಮತ್ತೇನೋ ಹೇಳುವವರಿದ್ದರು. ಕೆಳಗೆ ಯಾರೋ ಗೋಡೆ ಸವರಿಕೊಂಡು ಹತ್ತುವ ಸಪ್ಪಳ ಕೇಳಿ ನಿಲ್ಲಿಸಿದರು. ಹತ್ತುವವರು ಪದ್ಧತಿಯಂತೆ ಹೆಸರು ಹೇಳಿದರು: “ನೀಲಗಂಗಾ.”

ಏಳು ವರ್ಷ ಬಿಳಿಯಲ್ಲಿ ಹೊರಬೀಳದವಳು ಕುಂಬಾರರ ಓಣಿಯಿಂದ ಒಬ್ಬಳೇ ಬಂದಿದ್ದಳು. ಕೂದಲೆಲ್ಲ ಹನಿ. ಗುರುಪಾದಪ್ಪನವರು ಸರಿದು ಗೋಡೆಗೆ ಆತುಕೊಂಡರು. ಅವಳು ನನ್ನನ್ನು ನೋಡಿದಳು. ಬೈಯಬಹುದು, ಹೊಡೆಯಬಹುದು ಅಂದುಕೊಂಡೆ.

“ಎಷ್ಟು ಹೊತ್ತು ಮಲಗಿದ್ದಿ?” ಎಂದು ಕೇಳಿದಳು.

“ಗೊತ್ತಿಲ್ಲವ್ವಾ.”

“ನನಗ ಗೊತ್ತದ. ನಾ ಎಣಿಸೀನಿ. ಧ್ವನಿ ನಿಂತ ಕೂಡ್ಲೇ ನಾನೂ ನಿಂತೆ. ಕೂಸಿನ ಕೈ ಗಟ್ಟಿ ಹಿಡ್ಕೊಂಡು ಎಣಿಸಿದೆ. ಮುನ್ನೂರಾ ಹತ್ತರ ತನಕ ನಿಂತಿದ್ದೆ.” ಅವಳ ಧ್ವನಿ ಸಣ್ಣದಾಯಿತು. “‘ಕಥಿ ಎಲ್ಲಿ ಹೋತವ್ವಾ’ ಅಂತು. ಕೈ ಬಿಡಿಸ್ಕೊಂಡು ಹುಡುಕಾಕ ಹೋತು. ನಾ ಮಲಗಿರ್ಲಿಲ್ಲ, ಯಾರ್ ಕೂಡಾನೂ ಮಾತಾಡ್ಕೋತ ನಿಂತಿರ್ಲಿಲ್ಲ. ನಾ ಎಣಿಸ್ತಿದ್ದೆ. ಇದನ್ನ ಹೇಳಿದ್ರ ಒಬ್ರೂ ನಂಬ್ಲಿಲ್ಲ.”

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳು ಹಿಂದಕ್ಕೆ ಸರಿದಳು. ಮೈಕಿನ ಮುಂದಿದ್ದ ಎಲ್ಲಿನಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ರಾಣಿ ಕೂಸು ಏನಾತು?”

ಎಲ್ಲಿನಮ್ಮ ಮಾತು ನಿಲ್ಲಿಸುವಂತಿರಲಿಲ್ಲ. ಮೈಕಿಗೆ ಮಳೆಯ ಬಗ್ಗೆ, ಕಲ್ಲಿನ ಮೇಲೆ ಕೂತ ರಾಣಿಯ ಬಗ್ಗೆ ಏನೇನೋ ಹೇಳುತ್ತ, ನೀಲಗಂಗಾಳ ಮುಖ ನೋಡುತ್ತ, ತಡವರಿಸಿದಳು. ಆ ಕಥೆಯ ಕೊನೆ ಅವಳಿಗೆ ಮಾತ್ರ ಗೊತ್ತು. ಮೈಕಿಗೆ ಕೈ ಅಡ್ಡ ಹಿಡಿದು ಒಂದೇ ಉಸಿರಿನಲ್ಲಿ ಹೇಳಿದಳು: “ತಿರುಗಿ ಬರ್ತದ. ದೂರದಾಗ ಒಬ್ಬಾಂವ ಕುದುರಿ ಲಾಯದಾಗ ಸಿಕ್ತಂತ ಸಾಕಿರ್ತಾನ. ತಂದು ಕೊಡ್ತಾನ. ನಾ ಬ್ಯಾರೆ ಹೇಳ್ಲೇನು ತಂಗಿ? ನಿನಗ ತ್ರಾಸಾದ್ರ ನಾ ಬ್ಯಾರೆ ಹೇಳ್ತೀನಿ.”

ನೀಲಗಂಗಾ ಸೆರಗಿನಿಂದ ಮುಖದ ನೀರು ಒರೆಸಿಕೊಂಡಳು.

“ಬರ್ಲಿ,” ಅಂದಳು. “ಆಕಿ ಕೂಸಾದ್ರೂ ಬರ್ಲಿ.”

ಆಮೇಲೆ ನನ್ನ ಕುರ್ಚಿಯಲ್ಲಿ ಕೂತಳು. ಎಲ್ಲಿನಮ್ಮ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು, ಅವಳು ಊರಿಗೆ ಹೇಳಿದಳು. ಕುದುರೆ ಸಾಕುವವನ ಲಾಯದಲ್ಲಿ ಮಗು ಸಿಕ್ಕಿದ್ದು, ನಾಲ್ಕೇ ವರ್ಷಕ್ಕೆ ಎತ್ತರ ಬೆಳೆದದ್ದು, ಅದರ ಹುಬ್ಬು ರಾಜನ ಹಾಗಿದ್ದದ್ದು. ಮಗುವನ್ನು ಕರೆದುಕೊಂಡು ಬಂದಾಗ ಬಾಗಿಲಲ್ಲಿ ರಾಣಿ ಎಂದಿನಂತೆ ಎದ್ದು, ‘ನಿಮ್ಮನ್ನು ಹೊತ್ತು ಒಳಗೆ ಬಿಡುತ್ತೇನೆ’ ಎನ್ನುತ್ತಾಳೆ. ಮಗು ಒಲ್ಲೆ ಎನ್ನುತ್ತದೆ. ಆ ಮಾತು ಹೇಳುವಾಗ ನೀಲಗಂಗಾಳ ಧ್ವನಿ ಒಡೆಯಿತು, ಆದರೆ ನಿಲ್ಲಲಿಲ್ಲ. ಬಿಳಿಯೊಳಗಿಂದ ಹೆಂಗಸರು ಅಳುವುದು ಬುರುಜಿನ ತುದಿಗೆ ಕೇಳುತ್ತಿತ್ತು. ಗಂಡಸರೂ ಇದ್ದರೇನೋ.

ಕಥೆಮನೆಯಿಂದ ನನ್ನನ್ನು ತೆಗೆದರು. ತೆಗೆಯಬೇಕಾದದ್ದೇ. ಗುರುಪಾದಪ್ಪನವರು ಮರುದಿನ ತಾವೇ ಪಂಚರ ಮುಂದೆ ಹೋಗಿ ತಮ್ಮ ಪಾಲಿನದನ್ನು ಒಪ್ಪಿಕೊಂಡು ಹಿರಿತನ ಬಿಟ್ಟರು. ಊರು ಹೆದರಿ ಒಳಗೆ ಕೂತದ್ದು ಎರಡೇ ದಿನ. ಇನ್ನು ಮೇಲೆ ಮೈಕಿನ ಮುಂದೆ ಯಾವಾಗಲೂ ಇಬ್ಬರು ಇರಬೇಕು ಎಂದು ಕಟ್ಟಳೆಯಾಯಿತು. ಹೀಗೆ ಎಲ್ಲಿನಮ್ಮ ಮತ್ತು ನೀಲಗಂಗಾ ಜೋಡಿಯಾದರು. ಗಂಡನ ಮನೆಯವರು ನೀಲಗಂಗಾಳನ್ನು ಕರೆಯಲು ಬಂದರು. “ನನಗ ಕೆಲಸ ಅದ” ಎಂದು ಹೇಳಿ ಕಳಿಸಿದಳಂತೆ.

ನಾನು ಒಮ್ಮೆ ಎಲ್ಲಿನಮ್ಮನನ್ನು ಕೇಳಿದ್ದೆ, ನನ್ನ ಸುಳ್ಳು ನಿನಗೆ ಮೊದಲೇ ಗೊತ್ತಿತ್ತೇ ಎಂದು. ಆಕೆ ಹಂಚಿನ ಮೇಲಿನ ಬಿಲ್ಲೆಯನ್ನು ಬಹಳ ಎಚ್ಚರಿಕೆಯಿಂದ ತಿರುವಿ ಹಾಕಿ, “ಅದು ನಮ್ಮಜ್ಜಿ ಕಥಿ, ವಾರಿಜಾ. ಆಕಿ ನಿಮ್ಮೂರು ನೋಡಿದ್ಲೇನು?” ಅಂದಳು. ಬಿಸಿ ಬಿಲ್ಲೆಯನ್ನು ನನ್ನ ಕೈಗಿಟ್ಟಳು. ಆಕೆ ತೀರಿಹೋಗಿ ಈಗ ಹತ್ತೊಂಬತ್ತು ವರ್ಷ. ಅಷ್ಟರೊಳಗೆ ಅವಳ ದೇಶದ ಕಥೆಗಳೆಲ್ಲ ನಮ್ಮೂರಿನವಾಗಿದ್ದವು. ಹೂವಿನಿಂದ ಮಾಡಿದ ಹೆಣ್ಣು, ಸಮುದ್ರ ದಾಟಿ ಸುದ್ದಿ ಒಯ್ದ ಹಕ್ಕಿ, ಮಂಜು ಇಳಿದು ಎದ್ದಾಗ ದನಕರು ಮನೆಮಠ ಎಲ್ಲ ಮಾಯವಾಗಿದ್ದ ನಾಡು. ಆ ಕೊನೆಯ ಕಥೆ ಕೇಳಿದಾಗ ಊರವರು ‘ಅಷ್ಟೇನಾ’ ಅಂದರು. ಅವರ ಬಿಳಿ ನಮ್ಮದಕ್ಕಿಂತ ಸಣ್ಣದು ಎಂದು ಹೆಮ್ಮೆಪಟ್ಟರು.

ನನ್ನನ್ನು ಕಥೆಮನೆಯಿಂದ ತೆಗೆದ ಮರುವರ್ಷ ಬಿಳಿ ಇಳಿದಾಗ ನನಗೊಂದು ಸಂಗತಿ ತಿಳಿಯಿತು. ಹದಿನಾರು ವರ್ಷ ಬಿಳಿಯ ದಿನಗಳನ್ನೆಲ್ಲ ಬುರುಜಿನಲ್ಲೇ ಕಳೆದ ನನಗೆ ಬಿಳಿಯಲ್ಲಿ ನಡೆಯುವುದು ಮರೆತೇಹೋಗಿತ್ತು. ಮಕ್ಕಳಿಗೂ ಬರುವ ವಿದ್ಯೆ. ಮೂರು ದಿನ ಬಾಗಿಲಲ್ಲಿ ನಿಂತು ಒಳಗೆ ಹೋದೆ. ನಾಲ್ಕನೆಯ ದಿನ ಮನೆಯಲ್ಲಿ ಹಿಟ್ಟು ತೀರಿತ್ತು. ಗಿರಣಿ ಎಡಗಿವಿಗೆ, ಬರುವಾಗ ಬಲಗಿವಿಗೆ.

ಹೋಗುವಾಗ ಹೇಗೋ ಹೋದೆ. ಬರುವಾಗ ನಡುದಾರಿಯಲ್ಲಿ ಯಾವ ಕಡೆ ತಿರುಗಬೇಕೋ ತಿಳಿಯದೆ ನಿಂತುಬಿಟ್ಟೆ. ನೆತ್ತಿಯ ಮೇಲೆಲ್ಲೋ ನೀಲಗಂಗಾಳ ಧ್ವನಿ ಒಂದೇ ಸಮನೆ ಹೇಳುತ್ತಿತ್ತು. ಆ ಧ್ವನಿ ನನ್ನನ್ನು ಕ್ಷಮಿಸಿರಲಿಲ್ಲ. ಪೇಟೆಯಲ್ಲಿ ಎದುರಾದರೆ ಅವಳು ಓಣಿ ಬದಲಿಸುವುದನ್ನು ಬಿಟ್ಟಿದ್ದಳು, ಅಷ್ಟೇ. ಹತ್ತಿರದಲ್ಲಿ ಹೆಜ್ಜೆ ಸಪ್ಪಳವಾಯಿತು. ನಾನು ಹೆಸರು ಹೇಳಿದೆ: “ವಾರಿಜಾ.”

ಆ ಕಡೆಯವರು ತಡೆದು ನಿಂತರು. ಹೆಂಗಸು. ತನ್ನ ಹೆಸರು ಹೇಳಲಿಲ್ಲ. ಕಡೆಗೆ, “ಬಾವಿ ಕಟ್ಟಿ ನಿಮ್ಮ ಮುಂದ ಅದ. ಧ್ವನಿ ಬಲಗಿವಿಗೆ ಬರೂಹಂಗ ತಿರುಗ್ರಿ. ಹಾಂ, ಈಗ ನಡೀರಿ,” ಅಂದು ಹೋದಳು.

ತಿರುಗಿದೆ. ನಡೆದೆ. ನೀಲಗಂಗಾ ಆ ಹೂವಿನ ಹೆಣ್ಣಿನ ಕಥೆ ಹೇಳುತ್ತಿದ್ದಳು. ಒಂದೊಂದು ಮಾತಿಗೂ ಒಂದೊಂದು ಹೆಜ್ಜೆ. ಅವಳು ಎಲ್ಲೂ ತಡವರಿಸಲಿಲ್ಲ, ಎಲ್ಲೂ ಉಸಿರಿಗಿಂತ ಹೆಚ್ಚು ನಿಲ್ಲಲಿಲ್ಲ. ಕೊನೆಗೆ ನಮ್ಮ ಮನೆಯ ಹೊಸ್ತಿಲು ಕಾಲಿಗೆ ತಾಗಿತು. ಹಿಟ್ಟಿನ ಚೀಲವನ್ನು ಒಳಗಿಟ್ಟು ಮತ್ತೆ ಹೊರಗೆ ಬಂದೆ. ಕಥೆ ಮುಗಿಯುವವರೆಗೆ ಆ ಬಿಳಿಯಲ್ಲೇ ನಿಂತು ಕೇಳಿದೆ.